ಮಂಗಳೂರಿನ ಹಿತ್ತಿಲಲ್ಲಿ ಬಿತ್ತನೆಯ ಕಾಲ
(ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳ್ಳಿಗಳಿಂದ ಓದಲೆಂದೋ ದುಡಿಯಲೆಂದೋ ಮಂಗಳೂರಿಗೆ ಹೋದವರು ಅಲ್ಲಿಯೇ ಮನೆ ಮಾಡಿಕೊಂಡು ನೆಲೆಸುವುದು ಈಗ ಸಾಮಾನ್ಯ ಸಂಗತಿ. ಊರಿಗೆ ಬಂದು ಹಿಂದಿರುಗುವಾಗ ಅಕ್ಕಿ, ಅಡಿಕೆಗಳ ಜೊತೆಗೆ ಅಜ್ಜಿಯೋ ಅತ್ತೆಯೋ ತರಕಾರಿ ಬೀಜದ ಒಂದು ಚಿಕ್ಕ ಪೊಟ್ಟಣವನ್ನೂ ಕೊಟ್ಟು ಕಳುಹಿಸುತ್ತಾರೆ. ಆ ಬೀಜವನ್ನು ನಗರದ ಮನೆಯ ಹಿತ್ತಿಲಲ್ಲಿ ಬಿತ್ತಿ ನೀರೆರೆದವರಲ್ಲಿ ಹಲವರ ದೂರು ಒಂದೇ: ಮೊಳೆಯಿತು, ಬೆಳೆಯಿತು, ಕೊಳೆಯಿತು. ಬೀಜದ ದೋಷವೆಂದು ಕೆಲವರು ಹೇಳುತ್ತಾರೆ, ಮಣ್ಣಿನ ದೋಷವೆಂದು ಕೆಲವರು. ಬಹುಪಾಲು ಪ್ರಸಂಗಗಳಲ್ಲಿ ದೋಷವಿರುವುದು ತಾರೀಖಿನಲ್ಲಿ. ಬೀಜ ಘಟ್ಟವಿಳಿದು ಬಂದಿರುತ್ತದೆ. ಬಿತ್ತುವವರ ಪಂಚಾಂಗ ಮಾತ್ರ ಘಟ್ಟದ ಮೇಲೆಯೇ ಉಳಿದಿರುತ್ತದೆ.

ಇದು ಹವ್ಯಾಸಿಗಳ ಚಿಕ್ಕ ತೊಂದರೆಯೆಂದು ತಳ್ಳಿಹಾಕುವಂತಿಲ್ಲ. ಮಂಗಳೂರಿನ ಮಾರುಕಟ್ಟೆಯಲ್ಲಿ ತರಕಾರಿಗೆ ಎರಡು ಜಾತಿ: ‘ಘಟ್ಟದ ತರಕಾರಿ’ ಮತ್ತು ‘ಊರಿನ ತರಕಾರಿ’. ಮೊದಲನೆಯದು ಹಾಸನ, ಚಿಕ್ಕಮಗಳೂರು, ಮೈಸೂರುಗಳ ಕಡೆಯಿಂದ ಲಾರಿಗಳಲ್ಲಿ ಇಳಿದು ಬರುವಂಥದು. ಎರಡನೆಯದು ಸುತ್ತಲಿನ ಗದ್ದೆ ಹಿತ್ತಿಲುಗಳದು. ಎರಡನೆಯದಕ್ಕೆ ಬೆಲೆ ಹೆಚ್ಚು, ಬೇಡಿಕೆಯೂ ಹೆಚ್ಚು, ಆದರೆ ಪ್ರಮಾಣ ಬಹಳ ಕಡಿಮೆ. 2018ರ ಆಗಸ್ಟ್ ತಿಂಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯ ಬಳಿ ಮತ್ತೆ ಮಣ್ಣು ಜರಿದು ಸಂಚಾರ ನಿಂತಿತು. ಇಂಥ ದಿನಗಳಲ್ಲಿ ನಗರದ ಅಡುಗೆಮನೆಗೆ ಕಾಯಿಪಲ್ಲೆ ಎಲ್ಲಿಂದ ಬರಬೇಕು? ಹಿಂದಿನವರ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ಜಂತಿಗೆ ತೆಂಗಿನ ಗರಿಯ ಸೀಳಿನಲ್ಲಿ ಕಟ್ಟಿ ತೂಗಹಾಕಿದ ಸೌತೆಕಾಯಿ, ಅಟ್ಟದ ಮೇಲಿನ ಬೂದುಕುಂಬಳ, ಭರಣಿಯ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಮ್ಮಣ್ಣು ಸವರಿ ಇಟ್ಟ ಹಲಸಿನ ಬೀಜ: ಇವೆಲ್ಲ ಆಟಿಯ ತಿಂಗಳಿಗೆಂದು ಮುಂಗಡವಾಗಿ ಸಿದ್ಧಪಡಿಸಿದ ಸಂಗ್ರಹ. ಯಾವ ತಿಂಗಳಲ್ಲಿ ಏನನ್ನು ಬಿತ್ತಬೇಕು ಎಂಬುದರಷ್ಟೇ, ಯಾವ ತಿಂಗಳಲ್ಲಿ ಏನನ್ನೂ ಬಿತ್ತಬಾರದು ಎಂಬುದೂ ಆ ಜನಕ್ಕೆ ತಿಳಿದಿತ್ತು.

ಬೀಜದ ಪೊಟ್ಟಣಗಳ ಹಿಂಬದಿಯಲ್ಲಿ ಮುಂಗಾರು, ಹಿಂಗಾರು, ಬೇಸಿಗೆ ಎಂದು ಮೂರು ಕಾಲಗಳನ್ನು ಅಚ್ಚು ಮಾಡಿರುತ್ತಾರೆ. ಅದು ಬಯಲುಸೀಮೆಯ ಲೆಕ್ಕ. ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ ಬೀಳುವಲ್ಲಿ ಮುಂಗಾರೆಂದರೆ ಬಿತ್ತನೆಯ ಕಾಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಮುಗಿಯುತ್ತದೆ. ಜುಲೈ ತಿಂಗಳೊಂದರಲ್ಲಿಯೇ ಸಾವಿರ ಮಿಲಿಮೀಟರಿನ ಆಸುಪಾಸು. ಅಂದರೆ ಬಯಲುಸೀಮೆಯ ಒಂದು ವರ್ಷದ ಮಳೆಗಿಂತ ಹೆಚ್ಚು ನೀರು ಇಲ್ಲಿನ ಒಂದು ತಿಂಗಳಿನಲ್ಲಿ ಪಾತಿಯ ಮೇಲೆ ಬೀಳುತ್ತದೆ. ವಿದೇಶದ ತೋಟಗಾರಿಕೆಯ ಪುಸ್ತಕಗಳಂತೂ ಹಿಮ ಬೀಳುವ ಕೊನೆಯ ದಿನವನ್ನು ಗೊತ್ತುಮಾಡಿಕೊಂಡು ಅಲ್ಲಿಂದ ವಾರಗಳನ್ನು ಎಣಿಸುತ್ತವೆ. ಮಂಗಳೂರಿನ ಅತ್ಯಂತ ತಂಪಿನ ಜನವರಿಯ ರಾತ್ರಿಗಳಲ್ಲಿಯೂ ಉಷ್ಣತೆ ಸಾಮಾನ್ಯವಾಗಿ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಗಿಡವನ್ನು ಇಲ್ಲಿ ಚಳಿ ಕೊಲ್ಲುವುದಿಲ್ಲ. ಕೊಲ್ಲುವುದು ಒಮ್ಮೆ ನೀರಿನ ಅತಿ, ಮತ್ತೊಮ್ಮೆ ನೀರಿನ ಕೊರತೆ. ಆದ್ದರಿಂದ ಬಿತ್ತನೆಯ ದಿನವನ್ನು ಮಳೆಯಿಂದ ಹಿಂದಕ್ಕೂ ಮುಂದಕ್ಕೂ ಎಣಿಸಬೇಕಾಗುತ್ತದೆ.

ತುಳುವರ ಸೌರಮಾನದ ತಿಂಗಳುಗಳು ಈ ಎಣಿಕೆಗೆ ಹೇಳಿ ಮಾಡಿಸಿದಂತಿವೆ. ಏಪ್ರಿಲ್ ಮಧ್ಯದ ಬಿಸು ಹಬ್ಬದಿಂದ ಪಗ್ಗು ತಿಂಗಳು ಆರಂಭ. ಅನಂತರ ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ. ಬಿಸುವಿನ ದಿನ ಗದ್ದೆಯ ಮೂಲೆಯಲ್ಲಿ ‘ಕೈಬಿತ್ತು’ ಹಾಕುವ ಪದ್ಧತಿ ಕೆಲವೆಡೆ ಇಂದಿಗೂ ಉಳಿದಿದೆ. ಬೇಶದ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಆಟ, ಕೋಲ, ನೇಮಗಳು ನಿಲ್ಲುತ್ತವೆ. ಗೆಜ್ಜೆ ಬಿಚ್ಚಿದವನು ಗದ್ದೆಗೆ ಇಳಿಯಬೇಕೆಂಬುದೇ ಅದರ ವ್ಯಾವಹಾರಿಕ ಅರ್ಥ. ರೋಹಿಣಿ, ಮೃಗಶಿರ, ಆರ್ದ್ರಾ ಎಂದು ನಕ್ಷತ್ರ ಹಿಡಿದು ಮಳೆ ಎಣಿಸುವ ಘಟ್ಟದ ಮೇಲಿನವರು ಈ ಹೆಸರುಗಳನ್ನೂ ಕಲಿತುಕೊಂಡರೆ ಮಂಗಳೂರಿನ ನೆರೆಮನೆಯ ಹಿರಿಯರೊಡನೆ ಮಾತು ಸುಲಭವಾಗುತ್ತದೆ. ಆ ಹಿರಿಯರೇ ನಗರದಲ್ಲಿ ಉಳಿದಿರುವ ಒಳ್ಳೆಯ ಬೀಜಭಂಡಾರ.

ವರ್ಷದ ಮೊದಲ ಕೆಲಸ ಗೆಡ್ಡೆಗಳದು. ಸುವರ್ಣಗೆಡ್ಡೆಯನ್ನು ನೆರೆಯ ಕೇರಳದಲ್ಲಿ ಕುಂಭ ಮಾಸದಲ್ಲಿ, ಅಂದರೆ ಫೆಬ್ರವರಿ–ಮಾರ್ಚ್‌ನಲ್ಲಿ, ಒಣಮಣ್ಣಿನಲ್ಲಿಯೇ ಹೂಳುತ್ತಾರೆ. ಮೊದಲ ಮಳೆಗೆ ಅದು ತಾನಾಗಿ ಕಣ್ಣು ಬಿಡುತ್ತದೆ. ಶುಂಠಿ, ಅರಿಶಿನ, ಕೆಸುಗಳನ್ನು ಪಗ್ಗು ತಿಂಗಳ ಗುಡುಗುಮಳೆ ಎರಡು ಸಲ ಬಿದ್ದು ಮಣ್ಣು ಸಡಿಲವಾದ ಕೂಡಲೇ ಏರಿಮಡಿಗಳಲ್ಲಿ ನೆಟ್ಟು ದಪ್ಪವಾಗಿ ಸೊಪ್ಪು ಹೊದೆಸಬೇಕು. ಸೊಪ್ಪಿನ ಹೊದಿಕೆ ಇಲ್ಲದ ಶುಂಠಿಮಡಿಯ ಮಣ್ಣು ಜೂನ್ ತಿಂಗಳ ಹನಿಗಳ ಹೊಡೆತಕ್ಕೆ ಗಟ್ಟಿಯಾಗಿ, ನೀರು ನಿಂತು, ಗೆಡ್ಡೆ ಕೊಳೆಯುತ್ತದೆ. ಈ ಬೆಳೆಗಳಿಗೆ ಮಳೆ ಶತ್ರುವಲ್ಲ, ನಿಂತ ನೀರು ಶತ್ರು. ಕೆಸುವಿಗಂತೂ ಆಟಿಯ ಮಳೆಯೇ ಹಬ್ಬ. ಪತ್ರೊಡೆಯ ಎಲೆ ಆಗಲೇ ಕೈಯಗಲವಾಗುವುದು.

ಇನ್ನು ಮಳೆಗಾಲದ ಕಾಯಿಪಲ್ಲೆ. ಕೈತೋಟದವರು ಅತಿ ಹೆಚ್ಚು ತಪ್ಪುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನಿಸಬೇಕಾಗಿದೆ. ಬೆಂಡೆ, ಅಲಸಂಡೆ, ಮುಳ್ಳುಸೌತೆ, ಹೀರೆ, ಹಾಗಲ, ಪಡುವಲ: ಇವನ್ನು ಮಳೆ ಹಿಡಿದ ಮೇಲೆ ಬಿತ್ತುವವರು ಹಲವರು. ಜೂನ್ ಎರಡನೆಯ ವಾರ ಬಿತ್ತಿದ ಬೆಂಡೆಬೀಜ ಕೆಸರಿನಲ್ಲಿ ಉಸಿರು ಕಟ್ಟಿ ಕೊಳೆಯುತ್ತದೆ. ಮೊಳೆತರೂ ಎರಡೆಲೆಯ ಸಸಿಯ ಬುಡ ಕರಗಿ ಬೀಳುತ್ತದೆ. ಅದೇ ಬೀಜವನ್ನು ಮೇ ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಕೈನೀರು ಹಾಕಿ ಬಿತ್ತಿದ್ದರೆ, ಮಳೆ ಹಿಡಿಯುವ ಹೊತ್ತಿಗೆ ಗಿಡ ಗೇಣೆತ್ತರ ದಾಟಿ, ಬೇರು ಆಳಕ್ಕಿಳಿದಿರುತ್ತದೆ. ಬೆಂಡೆ, ಅಲಸಂಡೆ, ಮುಳ್ಳುಸೌತೆಗಳು ಬಿತ್ತಿ ನಲವತ್ತೈದು ಐವತ್ತು ದಿನಗಳಿಗೆ ಫಲಕ್ಕೆ ಬರುತ್ತವೆ. ಜೂನ್ ಕೊನೆಯಿಂದ ಚೌತಿಯವರೆಗೆ ಮನೆಗೆ ಸಾಕಾಗುವಷ್ಟು ಕಾಯಿ ಸಿಗುತ್ತದೆ.

ಮಳೆಗಾಲದ ಬೆಂಡೆಯಲ್ಲಿ ಇನ್ನೊಂದು ಲಾಭವಿದೆ. ಬೆಂಡೆಯ ಎಲೆಯ ನರಗಳನ್ನು ಹಳದಿಯಾಗಿಸುವ ನಂಜುರೋಗವನ್ನು ಹರಡುವುದು ಬಿಳಿನೊಣ. ಬಿರುಮಳೆಯಲ್ಲಿ ಬಿಳಿನೊಣದ ಸಂಖ್ಯೆ ಇಳಿಯುತ್ತದೆ; ಒಣ ಬೇಸಗೆಯಲ್ಲಿ ಏರುತ್ತದೆ. ಮಾರ್ಚ್‌ನಲ್ಲಿ ಬಿತ್ತಿದ ಬೆಂಡೆ ಹಳದಿಗೆ ತಿರುಗಿತೆಂದು ಔಷಧಿ ಹುಡುಕುವುದಕ್ಕಿಂತ ಎರಡು ತಿಂಗಳು ತಡೆದು ಬಿತ್ತುವುದು ಲೇಸು. ಬೇಸಗೆಯಲ್ಲಿಯೇ ಬೇಕೆಂಬವರು ಹೆಸರಘಟ್ಟದ ಸಂಸ್ಥೆಯ ‘ಅರ್ಕಾ ಅನಾಮಿಕ’ದಂಥ ಸಹಿಷ್ಣು ತಳಿಯನ್ನು ಹಾಕಬಹುದು. ಅಲಸಂಡೆಯ ಹೇನಿನ ಕಥೆಯೂ ಇದೇ: ಮಳೆ ತೊಳೆದು ಕಳೆಯುವ ಹೇನನ್ನು ಬೇಸಗೆಯಲ್ಲಿ ಮನುಷ್ಯ ತೊಳೆಯಬೇಕು.

ಬಳ್ಳಿತರಕಾರಿಗಳ ತೊಡಕು ಬೇರೆ. ಹೀರೆ, ಹಾಗಲ, ಸೌತೆ, ಪಡುವಲಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಮುಳ್ಳುಸೌತೆ, ಹಾಗಲಗಳ ಹೂವುಗಳನ್ನು ಹಗಲಿನಲ್ಲಿ ತುಡುವೆಜೇನು, ಮುಜಂಟಿಗಳು ಸಂದರ್ಶಿಸಬೇಕು. ಎಡೆಬಿಡದ ಮಳೆಯಲ್ಲಿ ಜೇನು ಗೂಡು ಬಿಡುವುದಿಲ್ಲ, ಪರಾಗವೂ ತೊಳೆದುಹೋಗುತ್ತದೆ. ಹೂವು ಕಾಣುತ್ತದೆ, ಮಿಡಿ ಹಳದಿಯಾಗಿ ಉದುರುತ್ತದೆ. ಆಗ ಮಳೆ ಬಿಟ್ಟ ಗಳಿಗೆಯಲ್ಲಿ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಮೆಲ್ಲಗೆ ತಾಗಿಸಿದರೆ ಕಾಯಿ ಕಚ್ಚುತ್ತದೆ. ಹೀರೆ, ಪಡುವಲ, ಸೋರೆಗಳ ಹೂವು ಸಂಜೆಯ ಮೇಲೆ ಅರಳುವುದರಿಂದ ಆ ಕೆಲಸವನ್ನು ದೀಪ ಹಚ್ಚುವ ಹೊತ್ತಿಗೆ ಮಾಡಬೇಕು. ಮಕ್ಕಳಿಗೆ ಸಸ್ಯಶಾಸ್ತ್ರದ ಪಾಠವೂ ಆಯಿತು. ಕಾಯಿ ಕಚ್ಚಿದ ಮೇಲೆ ಹಣ್ಣುನೊಣ ಚುಚ್ಚದಂತೆ ಕಾಗದದ ಇಲ್ಲವೆ ಬಟ್ಟೆಯ ಚೀಲ ತೊಡಿಸಬೇಕು. ಬಳ್ಳಿತರಕಾರಿಯ ಹಣ್ಣುನೊಣಕ್ಕೆ ಕ್ಯೂ ಲ್ಯೂರ್ ಎಂಬ ಆಕರ್ಷಕದ ಬಲೆ ಸಿಗುತ್ತದೆ. ಮಾವಿನ ಹಣ್ಣುನೊಣದ ಬಲೆಯನ್ನೇ ತಂದು ಹಾಗಲದ ಚಪ್ಪರಕ್ಕೆ ಕಟ್ಟಿ ಫಲವಿಲ್ಲವೆಂದು ಹೇಳುವವರಿದ್ದಾರೆ. ಎರಡರ ಆಕರ್ಷಕಗಳು ಬೇರೆ ಬೇರೆ.

ಮೇ ತಿಂಗಳ ಬಿತ್ತನೆಗೆ ಈಗ ಹೊಸದೊಂದು ಇಕ್ಕಟ್ಟು ಎದುರಾಗಿದೆ. 2019ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ಕ್ಕೆ. ಆ ಬೇಸಗೆ ತುಂಬೆ ಅಣೆಕಟ್ಟಿನ ನೀರು ತಗ್ಗಿ ಮಂಗಳೂರಿನಲ್ಲಿ ನಲ್ಲಿನೀರಿಗೆ ಸರದಿ ಬಂದಿತ್ತು. ಮೇ ಆರಂಭದಲ್ಲಿ ಬಿತ್ತಿದ ಸಸಿಗೆ ಐದು ವಾರ ಕೈನೀರು ಹೊರಬೇಕಾದ ವರ್ಷವದು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು, ಅದರ ಬೆನ್ನಿಗೇ ಕರಾವಳಿಯನ್ನೂ ಆವರಿಸಿತು. ಪತ್ತನಾಜೆಗೆಂದು ಕಾದಿದ್ದವರಿಗೆ ಮಣ್ಣು ಅಗೆಯಲು ಬಿಸಿಲೇ ಸಿಗಲಿಲ್ಲ. ಇದಲ್ಲದೆ 2018ರ ಮೇ 29ರಂತೆ, ಮುಂಗಾರು ಇನ್ನೂ ಹೊಸ್ತಿಲಲ್ಲಿರುವಾಗಲೇ ಒಂದೇ ದಿನದ ಮಳೆಗೆ ಇಡೀ ನಗರ ಮುಳುಗುವ ಪ್ರಸಂಗಗಳೂ ಉಂಟು. ಹೀಗೆ ಎರಡು ವಾರಗಳ ಅಂತರದಲ್ಲಿ ಮಳೆಯೇ ಓಲಾಡುವಾಗ ಒಂದೇ ದಿನವನ್ನು ನಂಬಿ ಇದ್ದ ಬೀಜವನ್ನೆಲ್ಲ ಮಣ್ಣಿಗೆ ಹಾಕುವುದು ಜಾಣತನವಲ್ಲ. ಬೀಜವನ್ನು ಮೂರು ಪಾಲು ಮಾಡಿ, ಒಂದನ್ನು ಮೇ ಮೊದಲ ವಾರ ಬಿತ್ತಿ, ಎರಡನೆಯದನ್ನು ಹತ್ತು ದಿನ ಬಿಟ್ಟು ಬಿತ್ತಿ, ಮೂರನೆಯದನ್ನು ಡಬ್ಬದಲ್ಲಿಯೇ ಇಟ್ಟುಕೊಳ್ಳಬೇಕು. ನೀರಿಗೆ ಬರವಿರುವ ಮನೆಯಲ್ಲಿ ಪಾತಿಯ ಬದಲು ಅಡಿಕೆ ಹಾಳೆಯ ದೊನ್ನೆಗಳಲ್ಲಿ ಸಸಿ ಎಬ್ಬಿಸಿ ಸೂರಿನಡಿ ಇಟ್ಟುಕೊಂಡರೆ ದಿನಕ್ಕೆರಡು ಚೆಂಬು ನೀರು ಸಾಕು. ಮಳೆಯ ಮುಖ ನೋಡಿ ನೆಲಕ್ಕೆ ಇಳಿಸಬಹುದು.

ಆಟಿಯಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನೆಲದಲ್ಲಿ ಹೊಸದಾಗಿ ಬಿತ್ತಬೇಕಾದದ್ದು ಹೆಚ್ಚೇನಿಲ್ಲ. ಅವರೆಯೊಂದು ಅಪವಾದ. ಮಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆದರೂ ನಾಟಿ ಚಪ್ಪರದವರೆ ಮತ್ತು ರೆಕ್ಕೆಅವರೆ ಆ ವ್ಯತ್ಯಾಸವನ್ನು ಗುರುತಿಸುತ್ತವೆ. ಹಗಲು ಕುಗ್ಗಿದ ಮೇಲೆಯೇ ಹೂಬಿಡುತ್ತವೆ. ಜನವರಿ ಕಳೆದು ಬಿತ್ತಿದರೆ ಬಳ್ಳಿ ಹಬ್ಬುತ್ತಲೇ ಇರುತ್ತದೆ, ಹೂವಿಗೆ ಮುಂದಿನ ಚಳಿಗಾಲವನ್ನೇ ಕಾಯಬೇಕು. ಜುಲೈ–ಆಗಸ್ಟ್‌ನಲ್ಲಿ ನೀರು ನಿಲ್ಲದ ದಿಬ್ಬದ ಮೇಲೆ ಬಿತ್ತಿದರೆ ಡಿಸೆಂಬರಿನಲ್ಲಿ ಕಾಯಿ. ಉಳಿದಂತೆ ಆಟಿಯಲ್ಲಿ ಬಿತ್ತುವುದಕ್ಕಿಂತ ಹೆಕ್ಕುವುದೇ ಹೆಚ್ಚು: ಬೇಲಿಬದಿಯ ತಗಟೆಸೊಪ್ಪು, ಕೆಸು, ಕಣಿಲೆ.

ಸೋಣ ತಿಂಗಳಿನಿಂದ ಆಚೆಗೆ ಮಂಗಳೂರಿನ ನಿಜವಾದ ತರಕಾರಿ ಹಂಗಾಮು ತೆರೆಯುತ್ತದೆ. ಆಗಸ್ಟ್ ಕೊನೆಗೆ ಮಳೆ ತಾಗದ ಮಾಡಿನಡಿ ಬದನೆ, ಮೆಣಸು, ಟೊಮೆಟೊಗಳ ಸಸಿಮಡಿ ಹಾಕಿ, ಐದು ವಾರಗಳ ಸಸಿಯನ್ನು ಅಕ್ಟೋಬರಿನಲ್ಲಿ ನೆಡಬೇಕು. ಉಡುಪಿ ಬಳಿಯ ಮಟ್ಟು ಗ್ರಾಮದವರು ಗುಳ್ಳವನ್ನು ಮಳೆಗಾಲದ ಭತ್ತ ಮುಗಿದ ಗದ್ದೆಯಲ್ಲಿ ನೆಡುತ್ತ ಬಂದಿರುವುದು ಇದೇ ಲೆಕ್ಕದಲ್ಲಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬದನೆಯ ರುಚಿಗೆ ಮಣ್ಣಿನಷ್ಟೇ ಕಾಲವೂ ಕಾರಣವೆನ್ನಬಹುದು. ಬದನೆ, ಟೊಮೆಟೊ ಗಿಡಗಳು ಎಳೆಕಾಯಿ ಬಿಟ್ಟ ಹೊತ್ತಿಗೆ ಹಸಿರಾಗಿದ್ದಂತೆಯೇ ಒಂದು ಮಧ್ಯಾಹ್ನ ಬಾಡಿ ಬೀಳುವುದನ್ನು ಹಲವರು ಕಂಡಿರಬಹುದು. ಅದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಸೊರಗುರೋಗ. ಹುಳಿಮಣ್ಣು, ಬೆಚ್ಚನೆಯ ಹವೆ, ಹೆಚ್ಚಿದ ತೇವ ಮೂರೂ ಸೇರುವ ಕರಾವಳಿ ಅದಕ್ಕೆ ತವರು. ಔಷಧಿಯಿಂದ ಅದು ನಿಲ್ಲುವುದಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ‘ಸೂರ್ಯ’, ‘ಹರಿತ’ ಬದನೆ, ‘ಶಕ್ತಿ’, ‘ಅನಘ’ ಟೊಮೆಟೊ ಇವು ಈ ರೋಗವನ್ನು ತಡೆಯಬಲ್ಲ ತಳಿಗಳು. ಊರಿನ ಬದನೆಯೇ ಬೇಕೆಂದರೆ ಕುದನೆ ಗಿಡದ ಬುಡಕ್ಕೆ ಅದರ ಕುಡಿಯನ್ನು ಕಸಿ ಕಟ್ಟುವುದು ಒಳ್ಳೆಯ ಉಪಾಯ. ಆ ಗಿಡ ಹಲವು ಕಾಲ ಬಾಳುತ್ತದೆ.

ಅಕ್ಟೋಬರಿನಲ್ಲಿಯೇ ಬಸಳೆಯ ತುಂಡು, ತೊಂಡೆಯ ತುಂಡು ನೆಡುವ ಕಾಲ. ತೊಂಡೆಯಲ್ಲಿ ಗಂಡುಬಳ್ಳಿ, ಹೆಣ್ಣುಬಳ್ಳಿ ಬೇರೆಯಾಗಿರುವುದರಿಂದ ಕಾಯಿ ಬಿಟ್ಟದ್ದನ್ನು ಕಣ್ಣಾರೆ ಕಂಡ ಬಳ್ಳಿಯಿಂದಲೇ ತುಂಡು ತರಬೇಕು. ಹರಿವೆಯನ್ನು ಅಕ್ಟೋಬರಿನಿಂದ ಮೇ ವರೆಗೆ ಹದಿನೈದು ದಿನಕ್ಕೊಂದು ಪಾತಿಯಂತೆ ಎರಚುತ್ತ ಹೋದರೆ ತಿಂಗಳೊಳಗೆ ಕೊಯ್ಲು ಆರಂಭವಾಗಿ ಮನೆಯಲ್ಲಿ ಸೊಪ್ಪಿಗೆ ಕೊರತೆಯಿಲ್ಲ. ಅದರ ಬೀಜ ಇರುವೆಗಳಿಗೆ ಬಲು ಪ್ರಿಯ. ಅಕ್ಕಿನುಚ್ಚನ್ನು ಪಾತಿಯ ಅಂಚಿಗೆ ಚೆಲ್ಲಿ ಇರುವೆಯ ಗಮನ ತಿರುಗಿಸುವ ಹಳೆಯ ಯುಕ್ತಿ ಈಗಲೂ ಕೆಲಸ ಮಾಡುತ್ತದೆ. ನವೆಂಬರಿನಿಂದ ಜನವರಿಯ ತನಕ ಮಂಗಳೂರು ಸೌತೆ, ಸಿಹಿಕುಂಬಳ, ಬೂದುಕುಂಬಳಗಳ ಬಿತ್ತನೆ. ಎರಡರಿಂದ ಎರಡೂವರೆ ತಿಂಗಳಿಗೆ ಸೌತೆ ಬಲಿಯುತ್ತದೆ. ಬಿಸುವಿನ ಕಣಿಗೆ ಇಡುವ ಸೌತೆಯೂ, ಜಂತಿಗೆ ಕಟ್ಟಿ ಆಟಿಯವರೆಗೆ ಉಳಿಸುವ ಸೌತೆಯೂ ಈ ಬಿತ್ತನೆಯದೇ.

ಕೊತ್ತಂಬರಿ, ಮೆಂತೆ, ಪಾಲಕ್ ಬಯಸುವವರಿಗೆ ಮಂಗಳೂರು ಕೊಡುವ ಕಿಟಕಿ ಬಹಳ ಕಿರಿದು. ನವೆಂಬರ್ ಕೊನೆಯಿಂದ ಜನವರಿಯವರೆಗೆ ರಾತ್ರಿ ತಂಪಿರುವಾಗ ಬಿತ್ತಿ ಎಳೆಯದಾಗಿಯೇ ಕತ್ತರಿಸಬೇಕು. ಫೆಬ್ರವರಿ ದಾಟಿದರೆ ಕೊತ್ತಂಬರಿ ಎಲೆಯನ್ನು ಮರೆತು ಹೂವಿಗೆ ಓಡುತ್ತದೆ. ಕೋಸು, ಹೂಕೋಸುಗಳಿಗೆ ಮಂಗಳೂರಿನಲ್ಲಿ ಹಠ ಹಿಡಿಯುವುದಕ್ಕಿಂತ ಅವನ್ನು ಘಟ್ಟದ ಮೇಲಿನವರಿಗೆ ಬಿಟ್ಟುಕೊಡುವುದೇ ಸರಿ. ಅಡುಗೆಗೂ ಮದ್ದಿಗೂ ಒದಗುವ ಊರಿನ ಸಸ್ಯಗಳು ಇಷ್ಟು ನಾಜೂಕಿನವಲ್ಲ. ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಆಡುಸೋಗೆ, ಚಕ್ರಮುನಿ ಇವನ್ನು ಬೇಶದ ಮೊದಲ ಮಳೆಗೋ ಸೆಪ್ಟೆಂಬರಿನ ಹದಮಳೆಗೋ ನೆಟ್ಟರೆ ಬೇರೂರುತ್ತವೆ. ದೊಡ್ಡಪತ್ರೆಯ ಬುಡದಲ್ಲಿ ನೀರು ನಿಲ್ಲಬಾರದು. ಒಂದೆಲಗಕ್ಕೆ ನೀರಿನ ಪಸೆ ಆರಬಾರದು. ಇವೆರಡನ್ನೂ ಒಂದೇ ಕುಂಡದಲ್ಲಿ ನೆಟ್ಟರೆ ಒಂದು ಸಾಯುವುದು ಖಚಿತ. ತುಳಸಿಯ ಬೀಜವನ್ನು ಮಳೆ ನಿಂತ ಮೇಲೆ ಎರಚುವುದು ಸುರಕ್ಷಿತ.

ಬೇಸಗೆಯ ವಿಚಾರದಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಮಾರ್ಚ್–ಏಪ್ರಿಲಿನ ಬಿಸಿಲಿನಲ್ಲಿ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಒಂದು ಸೆಂಟ್ಸ್ ಜಾಗ ನಲವತ್ತು ಚದರ ಮೀಟರ್. ಅಂದರೆ ನೂರರವತ್ತರಿಂದ ಇನ್ನೂರು ಲೀಟರ್. ಕುಡಿಯುವ ನೀರಿಗೇ ಸರದಿ ಬರುವ ನಗರದಲ್ಲಿ ಇಷ್ಟನ್ನು ತರಕಾರಿಗೆ ಸುರಿಯುವುದು ನ್ಯಾಯವೆ? ನೇತ್ರಾವತಿ, ಗುರುಪುರ ನದಿಗಳ ಅಳಿವೆಗೆ ಹತ್ತಿರದ ಬಾವಿಗಳಲ್ಲಿಯಂತೂ ಆ ಹೊತ್ತಿಗೆ ಉಪ್ಪಿನ ಅಂಶ ಏರಿರುತ್ತದೆ, ಅಂಥ ನೀರಿಗೆ ಅಲಸಂಡೆಯ ಎಲೆಯಂಚು ಸುಡುತ್ತದೆ. ಆದುದರಿಂದ ಹೆಚ್ಚು ನೀರು ಬೇಡುವ ಬೆಳೆಗಳನ್ನು ಅಕ್ಟೋಬರ್–ನವೆಂಬರಿನಲ್ಲಿಯೇ ನೆಟ್ಟು ಮಾರ್ಚ್ ಕೊನೆಗೆ ಮುಗಿಸಿಬಿಡಬೇಕು. ಏಪ್ರಿಲಿಗೆ ಬಸಳೆ ಚಪ್ಪರವೊಂದು, ಹರಿವೆಯ ಪಾತಿಯೊಂದು ಉಳಿದರೆ ಸಾಕು. ಬಚ್ಚಲ ಬದಿಯಲ್ಲಿಯೇ ಬಸಳೆಗೆ ಚಪ್ಪರ ಹಾಕುತ್ತಿದ್ದ ಹಿರಿಯರಿಗೆ ಈ ಲೆಕ್ಕ ಕಾಗದವಿಲ್ಲದೆ ಗೊತ್ತಿತ್ತು. ಈಗಿನ ಬಚ್ಚಲ ನೀರಿನಲ್ಲಿ ಸಾಬೂನು ಹುಡಿ ಹೆಚ್ಚು. ಪಾತ್ರೆ, ಅಕ್ಕಿ ತೊಳೆದ ನೀರನ್ನು ಬೇರೆಯಾಗಿ ಹಿಡಿದಿಡುವುದು ಮೇಲು.

ತಾರಸಿಯ ತೋಟಕ್ಕೆ ಪಂಚಾಂಗ ಕೊಂಚ ಬೇರೆ. ಅಲ್ಲಿ ನೀರು ನಿಲ್ಲುವ ಭಯ ಕಡಿಮೆ, ಆದರೆ ಜುಲೈನ ಮಳೆ ಚೀಲದ ಮಣ್ಣಿನ ಸಾರವನ್ನೆಲ್ಲ ತೊಳೆದು ಒಯ್ಯುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ಚೀಲಗಳಿಗೆ ಹೊಸ ಗೊಬ್ಬರ ತುಂಬಿ ಆರಂಭಿಸಿ, ಏಪ್ರಿಲಿಗೆ ನೆರಳುಬಲೆ ಕಟ್ಟಿ, ಮೇ ಕೊನೆಗೆ ನಿಲ್ಲಿಸುವುದು ವಾಡಿಕೆ. ಒಂದು ಘನಮೀಟರ್ ಒದ್ದೆಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ ಎಂಬುದನ್ನು ಹಳೆಯ ಮಾಡಿನ ಮನೆಯವರು ಮರೆಯಬಾರದು. ಮಣ್ಣಿನ ಪಾಲು ಇಳಿಸಿ ತೆಂಗಿನ ನಾರಿನ ಹುಡಿ, ಗೊಬ್ಬರ ಹೆಚ್ಚಿಸಬಹುದು.

ನೆಲದ ಮೇಲಿನ ತೋಟಕ್ಕೆ ಮುರಕಲ್ಲಿನ ಕೆಮ್ಮಣ್ಣಿನ ಹುಳಿ ಮುರಿಯದಿದ್ದರೆ ತಾರೀಖು ಸರಿಯಿದ್ದೂ ಫಲವಿಲ್ಲ. ಬಿತ್ತುವ ಎರಡು ವಾರ ಮೊದಲು ಸೆಂಟ್ಸಿಗೆ ಎರಡು ಮೂರು ಕಿಲೊ ಸುಣ್ಣ ಬೆರೆಸಬೇಕು, ಗೊಬ್ಬರವನ್ನು ಅದರೊಡನೆ ಹಾಕದೆ ವಾರ ಬಿಟ್ಟು ಹಾಕಬೇಕು. ತರಗೆಲೆ ಸುಟ್ಟು ಮಾಡುವ ಸುಡುಮಣ್ಣು ಮತ್ತು ಒಲೆಯ ಬೂದಿ ಇದೇ ಕೆಲಸವನ್ನು ಮೆಲ್ಲಗೆ ಮಾಡುತ್ತವೆ. ಮಣ್ಣು ಪರೀಕ್ಷೆ, ಸಸಿ, ಸಲಹೆಗಳಿಗೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು.

ಇನ್ನುಳಿದದ್ದು ಬೀಜ. ಜನವರಿಯ ಸೌತೆಬಳ್ಳಿಯಲ್ಲಿ ಬುಡಕ್ಕೆ ಹತ್ತಿರದ ಎರಡನೆಯ ಅಥವಾ ಮೂರನೆಯ ಕಾಯನ್ನು ಕೊಯ್ಯದೆ ಬಿಟ್ಟು, ಬಳ್ಳಿ ಒಣಗುವವರೆಗೆ ಹಣ್ಣಾಗಿಸಿ, ತಿರುಳಿನೊಡನೆ ಒಂದು ದಿನ ಹುಳಿಯಲು ಇಟ್ಟು ತೊಳೆದು, ನೆರಳಿನಲ್ಲಿ ಆರಿಸಿ, ಬೂದಿ ಬೆರೆಸಿ ಗಾಜಿನ ಭರಣಿಯಲ್ಲಿ ಮುಚ್ಚಿಡಬೇಕು. ಭರಣಿಯ ಮೇಲೆ ಬೀಜದ ಹೆಸರನ್ನಷ್ಟೇ ಅಲ್ಲ, ಅದನ್ನು ಬಿತ್ತಿದ ದಿನವನ್ನೂ ಆ ವರ್ಷ ಮಳೆ ಹಿಡಿದ ದಿನವನ್ನೂ ಬರೆದಿಡಬೇಕು. ಹಬ್ಬಕ್ಕೆ ಊರಿಗೆ ಬರುವಾಗ ಅದರಲ್ಲಿ ಒಂದು ಹಿಡಿಯನ್ನು ಪೊಟ್ಟಣ ಕಟ್ಟಿ ಘಟ್ಟ ಹತ್ತಿಸಿದರೆ, ಅಜ್ಜಿ ಅದನ್ನು ಯಾವ ನಕ್ಷತ್ರದಲ್ಲಿ ಬಿತ್ತಬೇಕೆಂದು ತಾನೇ ಗೊತ್ತುಮಾಡಿಕೊಳ್ಳುತ್ತಾಳೆ.